ಪದದ ಕೊನೆಯ ಸಕಾರ

ಫೆಬ್ರವರಿ ೬, ಸೋಮವಾರ

ಇವತ್ತಿನ ಸಭೆಯಲ್ಲಿ ಮುಖ್ಯಸ್ಥರು ಮುಕ್ಕಾಲು ಗಂಟೆ ಮಾತಾಡಿದರು. ಅದರಲ್ಲಿ ಅರ್ಧ ಅವರ ಮೀಸೆಯಲ್ಲೇ ಉಳಿಯಿತು. ಮೊದಲು ಹೀಗಿರಲಿಲ್ಲ. ಈಚೆಗೆ ವಿಭಾಗದಲ್ಲಿ ಎಲ್ಲರಿಗೂ ಮಾತು ನುಂಗುವ ಚಾಳಿ ಹತ್ತಿದೆ. ನಾಲಗೆಯ ಮೇಲೆ ಬದುಕುವ ಜನ ನಾವು. ಇಂಗ್ಲಿಷ್ ವಿಭಾಗದಲ್ಲೇ ಹೀಗಾದರೆ ಬೇರೆ ಕಡೆ ಕೇಳುವುದೇ ಬೇಡ.

ನಡುವೆ ಎಲ್ಲರೂ ಏನಕ್ಕೋ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಬಿಗುಮಾನ ಅನ್ನುತ್ತಾರೆ. ಆದರೆ ನಾನು ನಗುವ ಹೊತ್ತಿಗೆ ಮುಖ್ಯಸ್ಥರು ಮುಂದಿನ ವಿಷಯಕ್ಕೆ ಹೋಗಿದ್ದರಂತೆ, ನಮ್ಮ ಹಳೆಯ ಜವಾನ ಹಾಸಿಗೆ ಹಿಡಿದ ವಿಷಯ. ವ್ಯಾಕರಣ ಕಲಿಸುವವಳು ನನ್ನನ್ನು ಒಂಥರಾ ನೋಡಿದಳು. ನೋಡಲಿ. ಮುಂದಿನ ಮಾತಿಗೆ ಮುನ್ನ ಒಂದು ಉಸಿರು ಬಿಡಬೇಕು ಅನ್ನುವುದು ಮುಖ್ಯಸ್ಥರಿಗೆ ಗೊತ್ತಿರಬೇಕಿತ್ತು.

ಎರಡು ಪುಟದ ‘ವಿಭಾಗದ ಸುದ್ದಿ’ ಈ ತಿಂಗಳೂ ನನ್ನ ತಲೆಗೇ ಬಂತು. ಯಾರು ಎಲ್ಲಿ ಭಾಷಣ ಮಾಡಿದರು, ಯಾರ ಪುಸ್ತಕ ಬಂತು, ಯಾರು ಅತಿಥಿಯಾಗಿ ಬರುತ್ತಿದ್ದಾರೆ, ಇಷ್ಟೇ. ಇಪ್ಪತ್ತೇಳು ವರ್ಷ ಇಲ್ಲಿ ಉಚ್ಚಾರಣೆ ಕಲಿಸಿದವಳಿಗೆ ಈಗ ವರದಿಗಾರ್ತಿಯ ಕೆಲಸ. ಮುಂದಿನ ವಾರ ಮೌಖಿಕ ಪರೀಕ್ಷೆ ಶುರುವಾಗುತ್ತದೆ. ಅಲ್ಲಾದರೂ ನನಗೆ ಸ್ವಲ್ಪ ನೆಮ್ಮದಿ.

ಫೆಬ್ರವರಿ ೯, ಗುರುವಾರ

ಮಾನ ಹರಾಜಾಯಿತು. ಅತಿಥಿ ಉಪನ್ಯಾಸದ ವಿಷಯ ‘ಹೊಸ ಕಾವ್ಯದಲ್ಲಿ ಫೇತ್’, ಅಂದರೆ ನಂಬಿಕೆ. ಸುದ್ದಿ ಹಾಳೆಯಲ್ಲಿ ನಾನು ಹಾಕಿದ್ದು ‘ಫೇಸ್’, ಅಂದರೆ ಮುಖ. ಮುನ್ನೂರು ಪ್ರತಿ ಹಂಚಿ ಆಗಿತ್ತು. ಅತಿಥಿ ಒಳ್ಳೆಯ ಮನುಷ್ಯ, ಬಂದವರೇ ಗಲ್ಲ ಸವರಿಕೊಂಡು, ‘ಈ ಮುಖ ನೋಡಿ ಯಾರೂ ನಂಬಿಕೆ ಕಳಕೊಳ್ಳಬೇಡಿ’ ಅಂದರಂತೆ. ಸಭೆಗೆ ಸಭೆಯೇ ನಕ್ಕಿತು. ‘ಅಂದರಂತೆ’ ಅಂತ ಯಾಕೆ ಬರೆದೆ? ನಾನೂ ಅಲ್ಲೇ ಇದ್ದೆ. ಮೂರನೆಯ ಸಾಲಿನಲ್ಲಿ. ಆ ಮೈಕು ಕೆಟ್ಟಿತ್ತು.

ತಪ್ಪು ನನ್ನದಲ್ಲ. ಮುಖ್ಯಸ್ಥರು ಫೋನಿನಲ್ಲಿ ಹೇಳಿದ್ದು ಫೇಸ್ ಅಂತಲೇ. ಅವರಿಗೆ ಹೇಳಿದೆ, ‘ನೀವು ಸರಿಯಾಗಿ ಉಚ್ಚರಿಸಬೇಕಿತ್ತು.’ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಫೆಬ್ರವರಿ ೧೨, ಭಾನುವಾರ

ಇವರು ಊಟದ ನಡುವೆ ಎದ್ದು ಹೋದರು. ಅನ್ನ ಬಡಿಸುತ್ತಿದ್ದೆ, ‘ಹಾಕು’ ಅಂದರು, ಹಾಕಿದೆ. ಮತ್ತೆ ‘ಹಾಕು’ ಅಂದರು, ಮತ್ತೆ ಹಾಕಿದೆ. ಮೂರನೆಯ ಸಲ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಕೂಗಿದರು: ‘ಸಾಕು ಅಂದೆ, ಸಾಕು! ಸಾಕು ಅಂದ್ರೆ ಹಾಕ್ತಾನೇ ಇದೀಯಲ್ಲ!’

ಇವರಿಗೆ ಔಷಧಿ ಅಂಗಡಿಯಲ್ಲಿ ದಿನವಿಡೀ ವೈದ್ಯರ ಕೋಳಿಕಾಲು ಅಕ್ಷರ ಓದಿ ಓದಿ ತಲೆ ಕೆಟ್ಟಿರುತ್ತದೆ. ಆ ಸಿಟ್ಟು ನನ್ನ ಮೇಲೆ.

ಈ ಮನೆಯಲ್ಲಿ ಸ್ಪಷ್ಟವಾಗಿ ಮಾತಾಡುವವರು ಅತ್ತೆ ಒಬ್ಬರೇ. ಎಂಬತ್ತೆರಡು ವರ್ಷ, ಕಿವಿ ಅರ್ಧಕ್ಕರ್ಧ ಇಲ್ಲ, ಅದಕ್ಕೇ ಮೂರು ಮನೆಗೆ ಕೇಳುವ ಹಾಗೆ ಮಾತಾಡುತ್ತಾರೆ. ಒಂದಕ್ಷರ ಆಚೀಚೆ ಆಗುವುದಿಲ್ಲ. ಇವರು ಎದ್ದು ಹೋದ ಮೇಲೆ ಅತ್ತೆ ತಟ್ಟೆಯ ಮೇಲಿನ ಗುಡ್ಡ ನೋಡಿ, ‘ನನ್ನ ಮಗನ್ನ ಒಂದೇ ದಿನದಲ್ಲಿ ದಪ್ಪ ಮಾಡಬೇಕು ಅಂತಿದೀಯೇನೇ?’ ಅಂದರು. ನಗು ಬಂತು. ಇವತ್ತು ನಗು ಬಂದದ್ದು ಅದೊಂದು ಸಲ.

ಫೆಬ್ರವರಿ ೧೬, ಗುರುವಾರ

ಮೌಖಿಕ ಪರೀಕ್ಷೆ, ಎರಡನೆಯ ದಿನ. ಭಾಷಾ ಲ್ಯಾಬಿನಲ್ಲಿ ನಾನು ಎಂದಿನಂತೆ ವಿದ್ಯಾರ್ಥಿಗಳಿಗೆ ಬೆನ್ನು ಹಾಕಿ ಕುಳಿತೆ. ಇದು ನಾನೇ ಮಾಡಿಕೊಂಡ ನಿಯಮ. ಮುಖ ನೋಡಿದರೆ ಮರುಕ ಹುಟ್ಟುತ್ತದೆ, ಮರುಕ ಅಂಕ ಕೊಡುತ್ತದೆ. ನನ್ನ ಬೆನ್ನಿಗೇ ಹೆಚ್ಚು ಹೆದರುತ್ತಾರೆ ಅನ್ನುವುದು ನನಗೆ ಗೊತ್ತು. ಹಿಂದಿನಿಂದ ನನ್ನನ್ನು ‘ಕಿವಿ ಮೇಡಂ’ ಅನ್ನುತ್ತಾರೆ. ಅದೂ ಗೊತ್ತು. ಬೇಜಾರಿಲ್ಲ.

ಇಪ್ಪತ್ತಾರು ಮಂದಿಯಲ್ಲಿ ನಾಲ್ವರು ಫೇಲು. ಕೊನೆಯ ವರ್ಷದಲ್ಲಿ ಓದುವ, ಪೇಟೆಯ ದರ್ಜಿಯೊಬ್ಬರ ಮಗಳ ಬಗ್ಗೆ ಬೇಸರವಾಯಿತು. ಬರವಣಿಗೆಯಲ್ಲಿ ತರಗತಿಗೇ ಮೊದಲಿಗಳು. ಬಾಯಿ ತೆರೆದರೆ ನೂಲಿನಂಥ ದನಿ. ಒಂದು ಬೆಕ್ಕು ಎನ್ನಲು ‘ಕ್ಯಾಟ್’, ಹಲವು ಬೆಕ್ಕು ಎನ್ನಲು ‘ಕ್ಯಾಟ್ಸ್’, ಇದು ಮೊದಲ ವರ್ಷದ ಮೊದಲ ಪಾಠ. ಅವಳ ಬಾಯಲ್ಲಿ ಎಲ್ಲ ಬೆಕ್ಕೂ ಒಂಟಿ. ಪದದ ಕೊನೆಯಲ್ಲಿ ಒಂದು ಸಕಾರವೂ ಇಲ್ಲ. ಇಪ್ಪತ್ತಕ್ಕೆ ಆರು ಹಾಕಿದೆ. ಪಾಸಾಗಲು ಎಂಟು ಬೇಕಿತ್ತು.

ವಿಭಾಗದ ಸಹಾಯಕರ ಸ್ಥಾನಕ್ಕೆ ಅವಳ ಹೆಸರೇ ಮೊದಲಿತ್ತಂತೆ. ವರ್ಷಕ್ಕೆ ಒಬ್ಬರಿಗೆ ಸಿಗುವಂಥದ್ದು: ಮೊದಲ ವರ್ಷದವರಿಗೆ ಪಾಠ ಹೇಳಿಕೊಡುತ್ತಾ ಇಲ್ಲೇ ಮುಂದೆ ಓದಬಹುದು. ಮೌಖಿಕದಲ್ಲಿ ಫೇಲಾದವರಿಗೆ ಅದಿಲ್ಲ. ಮಕ್ಕಳಿಗೆ ಉಚ್ಚಾರಣೆ ತಿದ್ದಬೇಕಾದವಳಿಗೇ ಉಚ್ಚಾರಣೆ ಇಲ್ಲದಿದ್ದರೆ ಹೇಗೆ? ನಾನು ನ್ಯಾಯವನ್ನೇ ಮಾಡಿದ್ದೇನೆ.

ಫೆಬ್ರವರಿ ೨೮, ಮಂಗಳವಾರ

ದರ್ಜಿಯ ಮಗಳು ಮರುಪರಿಶೀಲನೆಗೆ ಅರ್ಜಿ ಹಾಕಿದ್ದಾಳೆ! ಇಪ್ಪತ್ತೇಳು ವರ್ಷದಲ್ಲಿ ಯಾರೂ ನನ್ನ ಕಿವಿಯನ್ನು ಪ್ರಶ್ನೆ ಮಾಡಿರಲಿಲ್ಲ. ಅರ್ಜಿಯಲ್ಲಿ ಒಂದೇ ವಾಕ್ಯ: ‘ನಾನು ಎಲ್ಲ ಪದಗಳನ್ನೂ ಪೂರ್ತಿ ಹೇಳಿದ್ದೇನೆ.’ ಅಕ್ಷರ ಅಚ್ಚುಕಟ್ಟು, ಒಂದು ಚಿತ್ತೂ ಇಲ್ಲ. ಅದೇ ಇನ್ನಷ್ಟು ಉರಿ ತರಿಸಿತು.

ಮುಖ್ಯಸ್ಥರು ಅರ್ಜಿಯನ್ನು ನನ್ನ ಮುಂದೆ ತಳ್ಳಿ ಏನೋ ಗೊಣಗಿದರು. ‘ಏನು ಮಾಡಬೇಕು ಅಂತೀರಿ?’ ಅಂತ ಕೇಳಿದೆ. ‘ಧ್ವನಿಮುದ್ರಣ ಇದೆಯಲ್ಲ, ಒಂದ್ಸಲ ಕೇಳಿಬಿಡಿ, ಮುಗೀತು’ ಅಂದರು, ಈ ಸಲ ಸ್ವಲ್ಪ ಗಟ್ಟಿಯಾಗಿ, ಮಗುವಿಗೆ ಹೇಳುವ ಹಾಗೆ. ಕಾರಿಡಾರಿನಲ್ಲಿ ವ್ಯಾಕರಣದವಳೂ ಇನ್ನೊಬ್ಬರೂ ಮಾತಾಡುತ್ತಾ ನಿಂತಿದ್ದರು. ನಾನು ಹತ್ತಿರ ಹೋದೊಡನೆ ದನಿ ತಗ್ಗಿಸಿದರು. ಯಾವಾಗಲೂ ತಗ್ಗಿಸುತ್ತಾರೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ.

ಕೇಳುತ್ತೇನೆ. ಕೇಳಿ, ಆ ಆರನ್ನು ಐದು ಮಾಡದಿದ್ದರೆ ಅವಳ ಪುಣ್ಯ.

ಮಾರ್ಚ್ ೧, ಬುಧವಾರ

ಕೆಟಲು ಸುಟ್ಟು ಹೋಯಿತು. ಸೀಟಿ ಹೊಡೆಯುವ ಕೆಟಲು ಅಂತ ಕೊಂಡದ್ದು, ಸೀಟಿಯೇ ಹೊಡೆಯುವುದಿಲ್ಲ. ಒಲೆಯ ಪಕ್ಕದ ಮೇಜಿನಲ್ಲೇ ಕುಳಿತು ಪ್ರಬಂಧ ತಿದ್ದುತ್ತಿದ್ದೆ. ಇವರು ಅಂಗಡಿಯಿಂದ ಬರುತ್ತಾ ಗೇಟಿನಿಂದಲೇ ಓಡಿ ಬಂದು ಒಲೆ ಆರಿಸಿದರು. ‘ಬೀದಿಗೆಲ್ಲ ಕೇಳ್ತಿದೆ, ಇಲ್ಲೇ ಕೂತಿದೀಯಲ್ಲ!’ ಅಂದರು.

ಓದಿನಲ್ಲಿ ಮುಳುಗಿದ್ದೆ, ಅಷ್ಟೇ.

ಮಾರ್ಚ್ ೩, ಶುಕ್ರವಾರ

ಹೇಗೆ ಬರೆಯಲಿ? ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಲ್ಯಾಬಿಗೆ ಹೋದೆ. ಲ್ಯಾಬಿನ ತಂತ್ರಜ್ಞ ನನಗಿಂತ ಎರಡು ವರ್ಷ ಮುಂಚೆ ಇಲ್ಲಿಗೆ ಬಂದವನು. ಮಾತು ಕಡಿಮೆ. ಕಿವಿಗೆ ಹೆಡ್‌ಫೋನ್ ಕೊಟ್ಟು ದರ್ಜಿಯ ಮಗಳ ಮುದ್ರಣ ಹಾಕಿದ. ಕೇಳಿದೆ. ಕ್ಯಾಟ್, ಕ್ಯಾಟ್. ಬುಕ್, ಬುಕ್. ಅದೇ. ಜಯ ಸಿಕ್ಕಂತಾಗಿ, ‘ನೋಡಿದ್ಯಾ, ಒಂದಾದ್ರೂ ಇದೆಯಾ?’ ಅಂದೆ.

ಅವನು ತನ್ನ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಸ್ವಲ್ಪ ಹೊತ್ತು ಅದರ ವೈರನ್ನು ಸುತ್ತುತ್ತಾ ಕುಳಿತ. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದ.

ಪರದೆಯ ಮೇಲೆ ಅವಳ ದನಿಯ ಚಿತ್ರ ಇತ್ತು. ಈ ಚಿತ್ರ ಓದುವುದನ್ನು ಈ ವಿಭಾಗಕ್ಕೆ ಕಲಿಸಿದವಳೇ ನಾನು. ತಗ್ಗು ಸ್ವರದ ಸದ್ದು ಕೆಳಗೆ, ಏರು ಸ್ವರದ ಸದ್ದು ಮೇಲೆ. ಸಕಾರ ಎಲ್ಲಕ್ಕಿಂತ ಮೇಲೆ, ಬೆರಳಿಗೆ ಮಸಿ ಹತ್ತಿಸಿಕೊಂಡು ಗೋಡೆಗೆ ಒರೆಸಿದ ಹಾಗೆ ಕಾಣುತ್ತದೆ. ಅಲ್ಲಿ ಮಸಿ ಇತ್ತು. ಪ್ರತಿ ಎರಡನೆಯ ಪದದ ಕೊನೆಯಲ್ಲೂ ಇತ್ತು. ಹತ್ತಕ್ಕೆ ಹತ್ತು. ಅಷ್ಟು ಒಳ್ಳೆಯ ಸಕಾರಗಳನ್ನು ನಾನು ಪಾಠಕ್ಕೆ ಬಳಸುತ್ತಿದ್ದೆ.

‘ಹೆಡ್‌ಫೋನ್ ಸರಿ ಇಲ್ಲ’ ಅಂದೆ. ಬೇರೆ ಕೊಟ್ಟ. ಅದರಲ್ಲೂ ಇಲ್ಲ. ‘ಮುದ್ರಣ ಸರಿ ಇಲ್ಲ’ ಅಂದೆ. ಅವನು ತಲೆ ತಗ್ಗಿಸಿಕೊಂಡು ಬೇರೆ ಒಂದು ಕಡತ ಹಾಕಿದ. ಹೆಂಗಸಿನ ದನಿ, ಚೆನ್ನಾಗಿ ಓದುತ್ತಿದ್ದಾಳೆ, ಗತ್ತಿದೆ, ಆದರೆ ಇವಳೂ ಪದದ ಕೊನೆ ನುಂಗುತ್ತಿದ್ದಾಳೆ. ‘ಯಾರಿವಳು? ಇವಳಿಗೂ ಬರಲ್ಲ’ ಅಂದೆ.

‘ಮೇಡಂ’ ಅಂದ. ಮತ್ತೆ ‘ಮೇಡಂ, ಇದು ನೀವು’ ಅಂದ.

ಹದಿನೆಂಟು ವರ್ಷದ ಹಿಂದೆ ನಾನೇ ಓದಿ ಮುದ್ರಿಸಿದ ಮಾದರಿ ಪಾಠ. ಈ ವಿಶ್ವವಿದ್ಯಾಲಯದ ಮಕ್ಕಳೆಲ್ಲ ಸಕಾರ ಕಲಿಯುವುದು ಅದರಿಂದಲೇ.

ಎದ್ದು ಬಂದುಬಿಟ್ಟೆ. ಚೀಲ ಅಲ್ಲೇ ಬಿಟ್ಟಿದ್ದೆ. ಅವನು ಸಂಜೆ ಮನೆಯ ಬಾಗಿಲಿಗೆ ತಂದು ಕೊಟ್ಟು, ಒಳಗೆ ಬರದೆ ಹೋದ.

ಮಾರ್ಚ್ ೪, ಶನಿವಾರ

ಶೀತ ಇರಬೇಕು.

ಮಾರ್ಚ್ ೬, ಸೋಮವಾರ

ಇಡೀ ಭಾನುವಾರ ಮನೆಯಲ್ಲಿ ಅಲ್ಲಿಂದಿಲ್ಲಿಗೆ ತಿರುಗಿದೆ. ಕಪಾಟಿನ ಬಟ್ಟೆಯನ್ನೆಲ್ಲ ಕೆಳಗೆ ಹಾಕಿ ಮತ್ತೆ ಮಡಚಿಟ್ಟೆ. ಕೈಗಡಿಯಾರವನ್ನು ಕಿವಿಗೆ ಒತ್ತಿ ಹಿಡಿದೆ. ಅದರ ಸದ್ದು ಕೇಳಿ ಎಷ್ಟು ದಿನವಾಯಿತೋ ನೆನಪಾಗಲಿಲ್ಲ. ಕಿವಿಯಲ್ಲಿ ಗುಗ್ಗೆ ಕಟ್ಟಿರಬಹುದು ಅಂತ ಎಣ್ಣೆ ಬಿಟ್ಟುಕೊಂಡೆ. ಏನೂ ಆಗಲಿಲ್ಲ, ದಿಂಬು ಕೊಳೆಯಾಯಿತು.

ಅತ್ತೆ ನೋಡುತ್ತಲೇ ಇದ್ದರು. ಇವತ್ತು ಬೆಳಿಗ್ಗೆ ಇವರು ಹೋದ ಮೇಲೆ ಕರೆದರು.

‘ಬಾ ಇಲ್ಲಿ. ಕೂತ್ಕೋ. ಯಾವಾಗಿಂದ?’

‘ಏನು ಯಾವಾಗಿಂದ?’

‘ನನ್ನ ಹತ್ರ ನಾಟಕ ಬೇಡ. ಈ ದಾರೀಲಿ ನಾನು ನಡೆದು ಬಂದಿದೀನಿ. ಬೇರೆಯವರ ತುಟಿ ನೋಡ್ತೀಯ. ಕೇಳಿಸದಿದ್ದಾಗ ನಗ್ತೀಯ. ಜಾಸ್ತಿ ಬೈತೀಯ. ಎಲ್ಲ ನನ್ನದೇ ಆಟ.’

‘ನನ್ನ ಕಿವಿಗೇನೂ ಆಗಿಲ್ಲ ಅತ್ತೆ.’

‘ನಾನೂ ಹೀಗೇ ಹೇಳಿ ಹೇಳಿ ನಿಮ್ಮ ಮಾವನ ಕೊನೇ ಎರಡು ವರ್ಷದ ಮಾತು ಕಳಕೊಂಡೆ’ ಅಂದರು. ಆ ಒಂದು ಮಾತನ್ನು ಮಾತ್ರ ಮೆತ್ತಗೆ ಹೇಳಿದರು. ಆದರೂ ತಿಳಿಯಿತು, ಅವರ ತುಟಿಯನ್ನೇ ನೋಡುತ್ತಿದ್ದೆ.

ಮಾರ್ಚ್ ೧೦, ಶುಕ್ರವಾರ

ಕಿವಿ ಪರೀಕ್ಷೆ. ಯಾರಿಗೂ ಹೇಳದೆ, ಪೇಟೆಯ ಆ ತುದಿಯ ಆಸ್ಪತ್ರೆಗೆ ಹೋದೆ. ಗಾಜಿನ ಗೂಡಿನಂಥ ಕೋಣೆ, ಕೈಯಲ್ಲೊಂದು ಗುಂಡಿ. ಸದ್ದು ಕೇಳಿದಾಗ ಒತ್ತಬೇಕು. ಒತ್ತಿದೆ. ಸಾಕಷ್ಟು ಒತ್ತಿದೆ. ಪರೀಕ್ಷೆ ಮಾಡುವ ಹುಡುಗಿ ಯಂತ್ರ ಮುಟ್ಟಿದಾಗಲೆಲ್ಲ ಅವಳ ಭುಜ ಒಂಚೂರು ಅಲುಗುತ್ತಿತ್ತು, ಅದನ್ನೇ ನೋಡಿ ಒತ್ತಿದೆ. ಐವತ್ತೈದನೆಯ ವಯಸ್ಸಿನಲ್ಲಿ ಕಾಪಿ ಹೊಡೆದೆ.

ಅವಳು ಬಂದು ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು.

ಆಮೇಲೆ ಬಹಳ ಹೊತ್ತು ಗೋಡೆ ನೋಡುತ್ತಾ ಕುಳಿತಿದ್ದೆ. ಬಣ್ಣ ಬಳಿಯುವಾಗ ಕುಂಚದ ಒಂದು ಕೂದಲು ಅಂಟಿಕೊಂಡು ಉಳಿದಿತ್ತು. ಕೈ ಗುಂಡಿಯ ಮೇಲೇ ಇತ್ತು. ಒತ್ತುವಂಥದ್ದೇನೂ ಬರಲಿಲ್ಲ. ಹೊರಗೆ ಕುಳಿತವಳು ಸದ್ದು ಕಳಿಸುತ್ತಲೇ ಇದ್ದಳು ಅನ್ನುವುದು ಕಾಗದ ನೋಡಿದಾಗ ತಿಳಿಯಿತು. ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗಿ, ಆಮೇಲೆ ಮೆಟ್ಟಿಲಿನಿಂದ ಉರುಳಿದ ಹಾಗೆ ಕೆಳಗೆ ಬಿದ್ದಿತ್ತು.

‘ಸ, ಫ, ತ, ಇಂಥವು ಹೋಗಿವೆ. ತುಂಬ ಜನರಿಗೆ ಹೀಗಾಗುತ್ತೆ, ಯಂತ್ರ ಹಾಕಿದ್ರೆ ಪರವಾಗಿಲ್ಲ ಅನ್ಸುತ್ತೆ’ ಅಂದಳು. ‘ಎಷ್ಟು ದಿನದಿಂದ?’ ಅಂತ ಕೇಳಿದೆ. ‘ದಿನ ಅಲ್ಲ, ಎರಡು ವರ್ಷ ಇರಬಹುದು. ನಿಧಾನವಾಗಿ ಹೋಗುತ್ತೆ, ಹೋದದ್ದು ಗೊತ್ತಾಗಲ್ಲ.’ ನಾನು ಕೇಳದೆಯೇ ನನ್ನ ಎದುರಿಗೆ ಬಂದು ಕುಳಿತು, ಮುಖಕ್ಕೆ ಮುಖ ಕೊಟ್ಟು ಮಾತಾಡಿದಳು. ಎಲ್ಲ ಅರ್ಥವಾಯಿತು. ಮುಂಗೈಯ ಮೇಲೆ ಪೆನ್ನಿನಲ್ಲಿ ಏನೋ ಬರೆದುಕೊಂಡಿದ್ದಳು, ಮರೆಯಬಾರದೆಂದು ಇರಬೇಕು.

ಎರಡು ವರ್ಷ.

ಮಾರ್ಚ್ ೧೩, ಸೋಮವಾರ

ಮುಖ್ಯಸ್ಥರ ಬಳಿ ಹೋಗಿ ಆಸ್ಪತ್ರೆಯ ಕಾಗದ ಮೇಜಿನ ಮೇಲಿಟ್ಟೆ. ಓದಿದರು. ಅವರು ಒಳ್ಳೆಯವರು, ಈ ಮಾತು ಇಲ್ಲಿ ಬರೆದಿಡಬೇಕು. ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದು ಹೇಳಿದರು:

‘ಇದನ್ನ ನಿಮ್ಮ ಚೀಲದಲ್ಲೇ ಇಟ್ಕೊಳ್ಳಿ. ಯಾರಿಗೂ ತೋರಿಸೋದು ಬೇಡ. ಆ ಹುಡುಗಿಯ ಅಂಕ ಕೂಡುವಾಗ ತಪ್ಪಾಯ್ತು ಅಂತ ಒಂದು ಸಾಲು ಬರೆದು ಕೊಡಿ. ಆರು ಇದ್ದದ್ದು ಹದಿನಾರು ಆಗುತ್ತೆ. ಅವಳಿಗೆ ಸ್ಥಾನ ಸಿಗುತ್ತೆ, ನಿಮಗೆ ಮರ್ಯಾದೆ ಉಳಿಯುತ್ತೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.’

‘ಯಾವಾಗ ಕೊಡಬೇಕು?’ ಅಂದೆ. ಹೊರಗೆ ನೆಲ ಉಜ್ಜುವ ಯಂತ್ರ ಶುರುವಾಯಿತು. ಅವರು ಕಿಟಕಿಯ ಕಡೆ ತಿರುಗಿ ಹೇಳಿದರು. ತಲೆಯಾಡಿಸಿ ಬಂದೆ. ಹದಿನೇಳರವರೆಗೆ ಸಮಯವಿದೆ.

ಎದೆ ಹಗುರವಾಯಿತು. ಒಂದೇ ಒಂದು ಸಾಲು. ನಾಳೆ ಬರೆದು ಕೊಡುತ್ತೇನೆ.

ಮಾರ್ಚ್ ೧೪, ಮಂಗಳವಾರ

ಆ ಸಾಲು ಬರೆಯಲು ಹಳೆಯ ಅಂಕಪಟ್ಟಿಯ ಪುಸ್ತಕ ಬೇಕಿತ್ತು, ಕ್ರಮಸಂಖ್ಯೆಗೆ. ತೆಗೆದೆ. ತೆಗೆದವಳು ಹಿಂದಕ್ಕೆ ಮಗುಚುತ್ತಾ ಹೋದೆ. ಮೊದಲೆಲ್ಲ ಮೌಖಿಕದಲ್ಲಿ ಫೇಲಾಗುತ್ತಿದ್ದವರು ವರ್ಷಕ್ಕೆ ಒಬ್ಬರೋ ಇಬ್ಬರೋ. ಕಳೆದ ಎರಡು ವರ್ಷದಲ್ಲಿ ಹನ್ನೊಂದು ಮಂದಿ. ಪ್ರತಿ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ, ನನ್ನದೇ ಅಕ್ಷರದಲ್ಲಿ, ಒಂದೇ ಷರಾ: ‘ಪದದ ಕೊನೆಯ ಸಕಾರ ಇಲ್ಲ.’ ‘ಪದದ ಕೊನೆಯ ಸಕಾರ ಇಲ್ಲ.’

ಈ ಪೀಳಿಗೆಯೇ ಹಾಳಾಗುತ್ತಿದೆ ಅಂತ ಹೋದ ವರ್ಷ ಒಂದು ಲೇಖನವನ್ನೂ ಬರೆದಿದ್ದೆ. ಅದು ಸುದ್ದಿ ಹಾಳೆಯಲ್ಲಿ ಬಂದಿತ್ತು.

ಮುಖ್ಯಸ್ಥರ ಉಪಾಯದಲ್ಲಿ ಒಬ್ಬಳು ದಡ ಸೇರುತ್ತಾಳೆ. ಉಳಿದವರು? ಕೂಡುವಾಗ ಹನ್ನೊಂದು ಸಲ ತಪ್ಪಾಯಿತು ಅಂತ ಬರೆದರೆ ಕಿವಿಯ ಜೊತೆ ಲೆಕ್ಕವೂ ಹೋಯಿತು ಅನ್ನುತ್ತಾರೆ.

ಕುಳಿತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಾಲ್ಕು ಸಲ ಮುಖ್ಯಸ್ಥರ ಬಾಗಿಲಿನವರೆಗೆ ಹೋಗಿ ಬಂದೆ. ನಿಜ ಬರೆದರೆ ಎಲ್ಲ ಮುದ್ರಣಗಳನ್ನೂ ಮತ್ತೆ ಕೇಳಬೇಕಾಗುತ್ತದೆ. ಕೇಳುವವಳು ನಾನಲ್ಲ. ಇನ್ನು ಮುಂದೆಯೂ ನಾನಲ್ಲ. ಬೇರೆ ಯಾವ ಕೆಲಸ ನನಗೆ ಬರುತ್ತದೆ?

ಮಾರ್ಚ್ ೧೫, ಬುಧವಾರ

ರಜೆ ಹಾಕಿ ಮನೆಯಲ್ಲೇ ಬರೆದೆ. ನಾಲ್ಕು ಸಾಲಿಗೆ ನಾಲ್ಕು ಗಂಟೆ. ‘ಶ್ರವಣಶಕ್ತಿಯ ಕುಂದಿನಿಂದಾಗಿ’ ಅಂತ ಬರೆದೆ, ಹೊಡೆದು ಹಾಕಿದೆ. ‘ಆರೋಗ್ಯದ ಕಾರಣದಿಂದ’ ಅಂತ ಬರೆದೆ, ಅದನ್ನೂ ಹೊಡೆದು ಹಾಕಿದೆ. ಕೊನೆಗೆ ಹೀಗೆ ಬರೆದೆ: ‘ನನಗೆ ಎರಡು ವರ್ಷದಿಂದ ಸಕಾರ ಕೇಳಿಸುತ್ತಿಲ್ಲ. ಈ ಅವಧಿಯಲ್ಲಿ ನಾನು ಫೇಲು ಮಾಡಿದ ಹನ್ನೊಂದು ಮಂದಿಯ ಮುದ್ರಣಗಳನ್ನು ಬೇರೆಯವರು ಕೇಳಬೇಕು. ದರ್ಜಿಯ ಮಗಳ ಉತ್ತರಗಳೆಲ್ಲ ಸರಿಯಾಗಿವೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇನ್ನು ಮುಂದೆ ಮೌಖಿಕ ಪರೀಕ್ಷೆಗೆ ನನ್ನನ್ನು ಹಾಕಬೇಡಿ.’ ಅವಳ ಹೆಸರಿನ ಜಾಗದಲ್ಲಿ ಇಲ್ಲಿ ಬರೆದಂತೆ ‘ದರ್ಜಿಯ ಮಗಳು’ ಅಂತಲೇ ಬರೆದುಬಿಟ್ಟಿದ್ದೆ. ನಾಚಿಕೆಯಾಗಿ ತಿದ್ದಿದೆ. ಮೂರು ವರ್ಷ ತರಗತಿಯಲ್ಲಿ ಕುಳಿತವಳ ಪೂರ್ತಿ ಹೆಸರಿಗೆ ಪಟ್ಟಿ ನೋಡಬೇಕಾಯಿತು.

ಇವರು ಅಂಗಡಿಯಿಂದ ಬಂದಾಗ ಕಾಗದ ಕೊಟ್ಟೆ. ಎರಡು ಸಲ ಓದಿದರು. ‘ಗುಡ್ಡದಷ್ಟು ಅನ್ನ ಹಾಕಿದ ದಿನಾನೇ ಅಂದ್ಕೊಂಡೆ’ ಅಂದರು. ‘ಮತ್ತೆ ಹೇಳಲಿಲ್ಲ ಯಾಕೆ?’ ‘ಹೇಳಿದ್ರೆ ಕೇಳ್ತಿದ್ಯಾ?’ ಇಬ್ಬರಿಗೂ ಒಟ್ಟಿಗೆ ನಗು ಬಂತು. ಬಹಳ ದಿನದ ಮೇಲೆ.

ಇನ್ನೂ ಎರಡು ದಿನವಿದೆ. ನಾಳೆ ಕೊಟ್ಟರಾಯಿತು.

ಮಾರ್ಚ್ ೧೬, ಗುರುವಾರ

ಮುಖ್ಯಸ್ಥರು ಕಾಗದ ಓದಿ ತಲೆ ಎತ್ತಲಿಲ್ಲ.

‘ನಿನ್ನೆ ಯಾಕೆ ಬರಲಿಲ್ಲ ನೀವು?’

‘ಬರೆಯೋದಿತ್ತು. ಹದಿನೇಳು ಅಂದ್ರಲ್ಲ.’

ಅವರು ಮೇಜಿನ ಕ್ಯಾಲೆಂಡರ್ ನನ್ನ ಕಡೆ ತಿರುಗಿಸಿ ಒಂದು ಚೌಕದ ಮೇಲೆ ಬೆರಳಿಟ್ಟರು. ಹದಿನೈದು. ‘ಹದಿನೈದು ಅಂದೆ. ನೀವು ತಲೆಯಾಡಿಸಿದ್ರಿ. ಸಂಜೆ ಐದರವರೆಗೆ ಕಾದೆ. ಮನೆಗೆ ಫೋನೂ ಮಾಡಿದ್ದೆ.’

ಫೋನಿನ ಗಂಟೆ ನನಗೆ ಕೇಳಿಸಿರಲಿಲ್ಲ. ಸ್ಥಾನ ಎರಡನೆಯ ಹೆಸರಿನವನಿಗೆ ಹೋಯಿತು. ಕೊಟ್ಟದ್ದನ್ನು ಹಿಂದಕ್ಕೆ ತೆಗೆಯಲು ನಿಯಮವಿಲ್ಲ. ಅವನದೂ ತಪ್ಪಿಲ್ಲ.

ಹದಿಮೂರನೆಯ ತಾರೀಕಿನ ಪುಟ ತೆಗೆದು ಓದಿದೆ. ‘ತಲೆಯಾಡಿಸಿ ಬಂದೆ’ ಅಂತ ನಾನೇ ಬರೆದಿದ್ದೇನೆ. ‘ಏನಂದ್ರಿ?’ ಅಂತ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಆ ಒಂದು ಮಾತಿಗೆ ನನ್ನ ಬಾಯಿ ಏಳಲಿಲ್ಲ.

ಮಾರ್ಚ್ ೨೭, ಸೋಮವಾರ

ಮೂರು ದಿನದಿಂದ ಲ್ಯಾಬಿನಲ್ಲಿ ಹನ್ನೊಂದು ಮುದ್ರಣಗಳನ್ನು ಕೇಳುತ್ತಿದ್ದಾರೆ. ಮುಖ್ಯಸ್ಥರು, ವ್ಯಾಕರಣದವಳು, ಯಂತ್ರದ ಮುಂದೆ ತಂತ್ರಜ್ಞ. ನಾನು ಬರಬೇಕಿಲ್ಲ ಅಂದಿದ್ದರು, ಆದರೂ ಹೋಗಿ ಕುಳಿತೆ. ವ್ಯಾಕರಣದವಳು ಪ್ರತಿ ಸಲ ಹೆಡ್‌ಫೋನ್ ತೆಗೆದಾಗಲೂ ನನ್ನ ಕಡೆ ತಿರುಗಿ, ಸರಿಯಿದ್ದರೆ ಒಂದು ಬೆರಳು ಎತ್ತುತ್ತಿದ್ದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹನ್ನೊಂದರಲ್ಲಿ ಎಂಟು ಬೆರಳು.

ಒಬ್ಬ ಓದು ಬಿಟ್ಟು ಸರಕು ಸಾಗಣೆಯ ಕಂಪನಿ ಸೇರಿದ್ದಾನೆ. ಇಬ್ಬರು ಮತ್ತೆ ಪರೀಕ್ಷೆ ಕಟ್ಟಿ, ಎರಡನೆಯ ಸಲವೂ ನನ್ನ ಕೈಯಲ್ಲೇ ಫೇಲಾಗಿದ್ದರು. ಎಲ್ಲರಿಗೂ ಪತ್ರ ಹೋಗುತ್ತದೆ. ಅವನ್ನು ನಾನೇ ಬರೆಯುತ್ತೇನೆ ಅಂದೆ. ಎಂಟು ಪತ್ರ, ಎಂಟೂ ಬೇರೆ ಬೇರೆ.

ವ್ಯಾಕರಣದವಳು ಮಧ್ಯಾಹ್ನ ಚಹಾ ಕುಡಿಯಲು ಕರೆದಳು. ಕಾರಿಡಾರಿನಲ್ಲಿ ನಾನು ಬಂದಾಗ ದನಿ ತಗ್ಗಿಸುತ್ತಿದ್ದದ್ದು ಯಾಕೆ ಅಂತ ಕೇಳಿಯೇಬಿಟ್ಟೆ. ‘ತಗ್ಗಿಸ್ತಿರಲಿಲ್ವೇ, ಗಟ್ಟಿ ಮಾಡ್ತಿದ್ವಿ. ನಿನಗೆ ಕೇಳಲಿ ಅಂತ’ ಅಂದಳು.

ಏಪ್ರಿಲ್ ೩, ಸೋಮವಾರ

ಎರಡೂ ಕಿವಿಗೆ ಯಂತ್ರ ಬಂತು. ಹುರುಳಿಕಾಳಿನಷ್ಟು. ಹಾಕಿಕೊಂಡು ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಯಾರೋ ನನ್ನ ಹಿಂದೆ ಕಾಗದ ಹರಿಯುತ್ತಾ ಬರುತ್ತಿದ್ದಾರೆ ಅನ್ನಿಸಿತು. ತಿರುಗಿ ನೋಡಿದೆ, ಯಾರೂ ಇಲ್ಲ. ನನ್ನದೇ ಸೀರೆಯ ಸರಬರ.

ಮನೆಗೆ ಬಂದರೆ ಪ್ರಪಂಚವೇ ಗಲಾಟೆ. ನಲ್ಲಿ ಬುಸುಗುಡುತ್ತದೆ. ಪ್ಲಾಸ್ಟಿಕ್ ಚೀಲ ಚೀರುತ್ತದೆ. ಇವರು ಊಟ ಮಾಡುವಾಗ ಇಷ್ಟು ಸದ್ದು ಮಾಡುತ್ತಾರೆಂದು ಮರೆತೇ ಹೋಗಿತ್ತು. ಅರ್ಧ ಗಂಟೆಗೆ ತಲೆ ನೋವು ಬಂದು ತೆಗೆದಿಟ್ಟೆ. ಅತ್ತೆ ‘ಕೊಡಿಲ್ಲಿ ನೋಡೋಣ’ ಅಂತ ಒಂದನ್ನು ತಮ್ಮ ಕಿವಿಗೆ ಸಿಕ್ಕಿಸಿಕೊಂಡು, ಸ್ವಲ್ಪ ಹೊತ್ತು ಕೇಳಿ, ‘ಈ ಮನೇಲಿ ಹೊಸದಾಗಿ ಕೇಳೋವಂಥದ್ದು ಏನೂ ಇಲ್ಲ ಬಿಡು’ ಅಂತ ವಾಪಸು ಕೊಟ್ಟರು. ಮುಂದಿನ ವಾರ ಅವರನ್ನೂ ಕರೆದುಕೊಂಡು ಹೋಗಬೇಕು.

ತರಗತಿಯಲ್ಲಿ ಈಗ ಮಕ್ಕಳ ಕಡೆ ಮುಖ ಮಾಡಿ ಕೂರುತ್ತೇನೆ. ಬೇರೆ ದಾರಿಯಿಲ್ಲ, ತುಟಿ ಕಾಣಬೇಕು. ಎರಡನೆಯ ಸಾಲಿನ ಹುಡುಗನೊಬ್ಬ ಉತ್ತರ ಹೇಳುವ ಮುಂಚೆ ಯಾವಾಗಲೂ ಕಿಟಕಿ ನೋಡಿ ಒಮ್ಮೆ ನಗುತ್ತಾನೆ. ಮೊದಲ ವರ್ಷದಿಂದ ನನ್ನ ವಿದ್ಯಾರ್ಥಿ.

ಏಪ್ರಿಲ್ ೮, ಶನಿವಾರ

ಎಂಟು ಪತ್ರಗಳಲ್ಲಿ ಏಳು ಅಂಚೆಗೆ ಹೋಗಿವೆ. ಎಂಟನೆಯದನ್ನು ಕೈಯಲ್ಲೇ ಕೊಡಬೇಕೆಂದು ದರ್ಜಿಯ ಅಂಗಡಿಗೆ ಹೋದೆ. ಅವಳ ತಂದೆ ಹೊಲಿಗೆ ನಿಲ್ಲಿಸಿ, ಮಗಳು ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೆಲಸಕ್ಕೆ ಸೇರಿ ಹದಿನೈದು ದಿನವಾಯಿತು ಅಂದರು. ಅದು ಒಂದೇ ಸಲಕ್ಕೆ ಕೇಳಿಸಿತು.

ನಿಲ್ದಾಣದಲ್ಲಿ ಶನಿವಾರದ ಜನ. ಸಾಲಿನಲ್ಲಿ ನಿಂತೆ. ನನ್ನ ಮುಂದೆ ಒಂಬತ್ತು ಮಂದಿ. ಏನು ಹೇಳಬೇಕೆಂದು ಅಷ್ಟೂ ಹೊತ್ತು ಮನಸ್ಸಿನಲ್ಲೇ ಓದಿಕೊಂಡೆ, ಮೌಖಿಕಕ್ಕೆ ಬಂದವರ ಹಾಗೆ. ಯಂತ್ರ ಹಾಕಿಕೊಂಡೇ ಹೋಗಿದ್ದೆ, ಆದರೆ ಅದಕ್ಕೆ ಮನುಷ್ಯರ ಮಾತಿಗಿಂತ ಬಸ್ಸುಗಳ ಮೇಲೇ ಪ್ರೀತಿ.

ಗಾಜಿನ ಆಚೆ ಅವಳು ತಲೆ ಎತ್ತಿದಳು. ಗುರುತು ಹಿಡಿದಳು. ಮುಖ ಗಟ್ಟಿಯಾಯಿತು. ನಾನು ಪತ್ರವನ್ನು ಕಂಡಿಯಲ್ಲಿ ತೂರಿಸಿದೆ. ಅಲ್ಲೇ ಒಡೆದು ಓದಿದಳು. ಸಾಲಿನವರು ಗೊಣಗತೊಡಗಿದರು. ಹದಿನೆಂಟು ಅಂಕ ಅಂತ ಅದರಲ್ಲಿತ್ತು. ಸ್ಥಾನ ತಪ್ಪಿದ್ದು ಯಾಕೆ, ಯಾರಿಂದ, ಅದೂ ಇತ್ತು. ಮುಂದಿನ ವರ್ಷಕ್ಕೆ ಅರ್ಜಿ ಹಾಕಲು ಕೊನೆಯ ದಿನ, ಅಂಕಿಯಲ್ಲೂ ಅಕ್ಷರದಲ್ಲೂ.

ಓದಿ ಮುಗಿಸಿ ನನ್ನನ್ನು ನೋಡಿ ಏನೋ ಹೇಳಿದಳು. ಗಾಜು, ಬಸ್ಸು, ಹಿಂದಿನವನ ಕೆಮ್ಮು. ತುಟಿ ಅಲುಗಿದ್ದಷ್ಟೇ ಕಂಡಿತು. ಅಭ್ಯಾಸಬಲದಿಂದ ತಲೆ ತಾನೇ ಆಡಲು ಹೊರಟಿತು. ಹಿಡಿದುಕೊಂಡೆ.

‘ನನಗೆ ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳಮ್ಮ’ ಅಂದೆ. ಎಷ್ಟು ಗಟ್ಟಿಯಾಗಿ ಅಂದೆನೋ, ಇಡೀ ಸಾಲು ಸುಮ್ಮನಾಯಿತು.

ಅವಳು ಕುರ್ಚಿಯಿಂದ ಎದ್ದಳು. ಕಂಡಿಯ ಹತ್ತಿರ ಬಾಯಿ ತಂದು, ಒಂದೊಂದೇ ಪದ ಬಿಡಿಸಿ ಹೇಳಿದಳು:

‘ಅವತ್ತೂ ಹೀಗೇ ಕೇಳಿದ್ರೆ, ಅವತ್ತೂ ಮತ್ತೆ ಹೇಳ್ತಿದ್ದೆ, ಮೇಡಂ.’

ಅಷ್ಟೂ ಕೇಳಿಸಿತು. ಕೊನೆಯವರೆಗೂ.

ಕ್ಷಮಿಸು ಅನ್ನಬೇಕೆಂದು ಓದಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ‘ಹೌದು’ ಅಂದೆ. ಅವಳು ಪತ್ರವನ್ನು ನಾಲ್ಕಾಗಿ ಮಡಚಿದಳು. ಹರಿಯುತ್ತಾಳೇನೋ ಅಂದುಕೊಂಡೆ. ಹರಿಯಲಿಲ್ಲ, ಜೇಬಿಗೆ ಹಾಕಿಕೊಂಡಳು. ಅರ್ಜಿ ಹಾಕುತ್ತಾಳೋ ಇಲ್ಲವೋ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಿಂದಿನವನು ‘ಟಿಕೆಟ್ ತಗೊಳ್ಳಿ, ಇಲ್ಲ ಜಾಗ ಬಿಡಿ ಅಮ್ಮಾ’ ಅಂದ. ನಮ್ಮ ಬೀದಿಯ ಹೆಸರು ಹೇಳಿ ಟಿಕೆಟ್ ತೆಗೆದುಕೊಂಡೆ. ಯಾವ ಬಸ್ಸು ಅಂತ ಅವಳು ಹೇಳಿದ್ದು ಮತ್ತೆ ತಿಳಿಯಲಿಲ್ಲ. ನಾನು ಬಾಯಿ ತೆರೆಯುವ ಮುಂಚೆಯೇ ಗಾಜಿಗೆ ಏಳು ಬೆರಳು ಒತ್ತಿ ಹಿಡಿದಳು, ನಾನು ಎಣಿಸಿ ಮುಗಿಸುವವರೆಗೆ.

ಏಳನೆಯ ನಂಬರಿನ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು.